ಬೂದಿ ಮೂತಿಯ ಕಾರು

ನಿಮ್ಮ ಮನೆಯ ಕಾರಿನ ಮೂತಿಗೆ ನೀವು ಯಾವತ್ತಾದರೂ ಹರಳೆಣ್ಣೆ ಹಚ್ಚಿ ತಿಕ್ಕಿದ್ದೀರಾ? ಇಲ್ಲ ತಾನೇ? ಹಾಗಿದ್ದರೆ ನೀವು ಧಾರಾಳವಾಗಿ ನಗಬಹುದು. ಹಚ್ಚಿದವರು ಯಾರಾದರೂ ಇದ್ದರೆ ಸುಮ್ಮನೆ ಒಂದು ಪಕ್ಕದಲ್ಲಿ ಕೂತು ಓದಿ. ನಿಮ್ಮ ಗುಟ್ಟನ್ನು ನಾನು ಯಾರಿಗೂ ಹೇಳುವುದಿಲ್ಲ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಆದರೂ ಈ ಕಾರಿನ ಸಂಗತಿಯನ್ನು ಬರೆಯಲೇಬೇಕು. ಹೋದ ಚಳಿಗಾಲದಲ್ಲಿ ಅದರಿಂದಾಗಿ ನಾನು ಬೆಚ್ಚಿಬಿದ್ದಷ್ಟು ಹಿತ್ತಲಲ್ಲಿ ಹಾವು ಕಂಡಾಗಲೂ ಬೆಚ್ಚಿರಲಿಲ್ಲ.

ನಮ್ಮದು ಹುಣಸೂರು. ಮಗನಿಗೆ ಪೇಟೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ಕಾರು ಅವನು ಎಷ್ಟೋ ವರ್ಷದ ಹಿಂದೆ ಯಾರಿಂದಲೋ ಕೊಂಡದ್ದು. ಕೆಂಪು ಬಣ್ಣ ಇವತ್ತಿಗೂ ಗಟ್ಟಿಯಾಗಿದೆ. ಕೆಟ್ಟದ್ದು ಕರಿ ಪ್ಲಾಸ್ಟಿಕ್ಕು. ಹಿಂದಿನ ಮುಂದಿನ ಬಂಪರು, ಬಾಗಿಲಿಗೆ ಅಡ್ಡ ಬಡಿದಿರುವ ಪಟ್ಟಿ, ಕನ್ನಡಿಯ ಚಿಪ್ಪು, ಹಿಡಿಕೆ, ಎಲ್ಲವೂ ಬಿಸಿಲಿಗೆ ಬೆಳ್ಳಗಾಗುತ್ತಾ ಆಗುತ್ತಾ ಒಲೆಯೊಳಗಿನ ಬೂದಿಯ ಬಣ್ಣಕ್ಕೆ ಬಂದವು. ದೂರದಿಂದ ನೋಡಿದರೆ ಕಾರು ಹಿಟ್ಟಿನ ಡಬ್ಬಕ್ಕೆ ಮುಖ ಹಾಕಿ ಈಗಷ್ಟೇ ಎದ್ದಂತೆ ಕಾಣುತ್ತಿತ್ತು. ಮಗನಿಗೆ ಅದನ್ನು ಅಂಗಡಿ ಮುಂದೆ ನಿಲ್ಲಿಸಲು ನಾಚಿಕೆಯಾಯಿತು. ಬೈಕಿನಲ್ಲಿ ಓಡಾಡತೊಡಗಿದ. ಕಾರು ಮನೆ ಮುಂದೆ ಸುಮ್ಮನೆ ನಿಂತಿತು.

ಸುಮ್ಮನೆ ನಿಂತ ಕಾರನ್ನು ಓಡಿಸಲು ಸೊಸೆ ಕಲಿತಳು. ಅವಳು ಎಚ್.ಡಿ. ಕೋಟೆಯ ಹುಡುಗಿ, ಹೆದರುವವಳಲ್ಲ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳ ಕೈ ಬಹಳ ಚೆನ್ನು. ಮೊದಲು ನಮ್ಮ ಬೀದಿಯವರಿಗೆ ಮಾತ್ರ ಕಟ್ಟಿಕೊಡುತ್ತಿದ್ದಳು. ಕಾರು ಕೈಗೆ ಬಂದ ಮೇಲೆ ಪಿರಿಯಾಪಟ್ಟಣ, ಕೆ.ಆರ್. ನಗರದ ಮದುವೆ ಮನೆಗಳಿಗೂ ಹೋಗಿ ಸೀರೆ ತಂದು, ಕಟ್ಟಿ, ತಲುಪಿಸಿ ಬರತೊಡಗಿದಳು. ಮುಂದಿನ ಸೀಟಿನಲ್ಲಿ ನಾನು. ನನ್ನ ಮಂಡಿ ಮಡಿಸುವುದಿಲ್ಲ. ಈ ಕಾರಿನ ಸೀಟು ಎಂಥಾ ಎತ್ತರದಲ್ಲಿದೆಯೆಂದರೆ, ಬೆನ್ನು ತಿರುಗಿಸಿ ನಿಂತರೆ ಸಾಕು, ಸೀಟೇ ಬಂದು ಕೂರಿಸಿಕೊಳ್ಳುತ್ತದೆ. ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಬಾಗಿಲು ತೆಗೆದಾಗ ನೀರು ನೋಡಲು ಹೋಗಿದ್ದು ಇದೇ ಕಾರಿನಲ್ಲಿ. ಎಲ್ಲಿ ಒಳ್ಳೆಯ ಚುರುಮುರಿ ಸಿಗುತ್ತದೆ, ಯಾವ ತಿರುವಿನಲ್ಲಿ ಕಬ್ಬಿನ ಹಾಲು ತಣ್ಣಗಿರುತ್ತದೆ, ಎಲ್ಲವೂ ನಮಗಿಬ್ಬರಿಗೆ ಗೊತ್ತು.

ಒಂದು ಬೆಳಿಗ್ಗೆ ಮಗ ಕಾಫಿ ಕುಡಿಯುತ್ತಾ ಅಂದ:

"ಸಂಕ್ರಾಂತಿ ಒಳ್ಗೆ ಈ ಬೂದಿ ಮೂತಿ ಕಾರ್‍ನ ಯಾರ್‍ಗಾದ್ರೂ ದಾಟುಸ್ಬುಡ್ಬೇಕು ಕಣವ್ವ. ಪಿರಿಯಾಪಟ್ಣದವರೊಬ್ರು ನೋಡಕ್ಕೆ ಬತ್ತೀನಿ ಅಂದವ್ರೆ."

ನಾನು ಲೋಟ ಕೆಳಗಿಟ್ಟೆ. "ಕಾರು ಕೊಟ್ಬುಟ್ರೆ ನಾವು ಓಡಾಡದು ಎಂಗ್ಲಾ?"

"ಬಸ್ಸಿಲ್ವ? ಹೆಂಗಸ್ರಿಗೆ ಟಿಕೇಟೂ ಇಲ್ಲ."

"ಟಿಕೇಟ್ ಇಲ್ಲ ಸರಿ. ಬಸ್ಸಿನ ಮೆಟ್ಲು ಮ್ಯಾಲಕ್ಕೆ ನನ್ ಮಂಡಿ ಎತ್ತಿ ಮಡಗಕ್ಕೆ ಸರ್ಕಾರ ಯಾರ್‍ನಾದ್ರೂ ಮಡಗದಾ?"

ಅವನು ನಕ್ಕು ಬೈಕು ಹತ್ತಿ ಹೋದ. ನಾನು ಸೊಸೆಯ ಕಡೆ ತಿರುಗಿದೆ. ಅವಳು ಕಂಬಕ್ಕೆ ಯಾರದೋ ಸೀರೆಯ ಸೆರಗು ಕಟ್ಟಿಕೊಂಡು ದಾರ ಹೊಸೆಯುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ.

"ಕೇಳ್ಸ್ತಾ ಕಣವ್ವ? ಕಾರು ಓಯ್ತದಂತೆ."

"ಓಗ್ಲಿ ಬುಡಿ ಅತ್ತೆ. ಯಾರ್ ತಗತಾರೆ ಅದ್ನ? ಬಂದೋರೆಲ್ಲ ಮೂತಿ ನೋಡಿ ವಾಪಸ್ ಓಗ್ನಿಲ್ವ?"

ನನಗೆ ಗಾಬರಿಯಾಯಿತು. ಅವಳ ಕೆಲಸ, ನನ್ನ ತಿರುಗಾಟ, ಎರಡೂ ನಿಂತಿರುವುದು ಆ ನಾಲ್ಕು ಚಕ್ರದ ಮೇಲೆ. ಅವಳು ನೋಡಿದರೆ ಪಕ್ಕದ ಮನೆಯ ವಿಷಯ ಹೇಳಿದಂತೆ ಹೇಳುತ್ತಿದ್ದಾಳೆ! ಇವಳನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ತೀರ್ಮಾನಿಸಿದೆ. ಮಗನಿಗೆ ನಾಚಿಕೆ ಆಗಿರುವುದು ಬೂದಿ ಬಣ್ಣದಿಂದ ತಾನೇ? ಆ ಬಣ್ಣ ಹೋದರೆ ಮಾರುವ ಮಾತೂ ಹೋಗುತ್ತದೆ.

ಈಗ ಹರಳೆಣ್ಣೆಗೆ ಬರುತ್ತೇನೆ. ಹನಗೋಡಿನ ಕಡೆ ನಮ್ಮದೊಂದು ಹೊಲವಿದೆ. ಅದರ ಮೂಲೆಯಲ್ಲಿ ಕಲ್ಲಿನ ಬಸವಣ್ಣ ಇದ್ದಾನೆ. ಬಿಸಿಲಿಗೆ ಬೆಳ್ಳಗೆ ಬಿಳಿಚಿಕೊಂಡಿರುತ್ತಾನೆ. ಒಂದು ಬಟ್ಟೆಯಲ್ಲಿ ಹರಳೆಣ್ಣೆ ಅದ್ದಿ ಒರೆಸಿದರೆ ಸಾಕು, ಕಾಡಿಗೆಯಂತೆ ಕಪ್ಪಗೆ ಹೊಳೆಯುತ್ತಾನೆ. ಕಲ್ಲಿಗೆ ಆಗುವುದು ಪ್ಲಾಸ್ಟಿಕ್ಕಿಗೆ ಆಗುವುದಿಲ್ಲವೇ ಅಂದುಕೊಂಡೆ. ಸೊಸೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಹಳೇ ಪಂಚೆಯ ತುಂಡು, ಎಣ್ಣೆ ಬಟ್ಟಲು ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದೆ. ದೇವರೇ, ಏನು ಕಪ್ಪು! ನನಗೇ ನಂಬಲಾಗಲಿಲ್ಲ.

ಅವತ್ತು ರಾವಂದೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗುವುದಿತ್ತು. ಸೊಸೆ ಬೀಗದ ಕೈ ಹಿಡಿದು ಬಂದವಳು ಕಾರನ್ನು ಕಂಡು ನಿಂತಳು.

"ಇದೇನತ್ತೆ ಇಂಗೆ ಮಿಂಚ್ತಾ ಅದೆ?"

"ಇಬ್ಬನಿ ಕಣವ್ವ. ಈ ಸಲ ಜಾಸ್ತಿ ಬಿದ್ದದೆ."

ಅವಳು ನನ್ನನ್ನು ಒಂದು ಥರ ನೋಡಿದಳು. ಕಾರು ಹೊರಟಿತು.

ನಮ್ಮ ಕಡೆಯವರಿಗೆ ಗೊತ್ತು, ಸುಗ್ಗಿಯ ಹೊತ್ತಿಗೆ ಅರ್ಧ ತಾಲ್ಲೂಕಿನ ಕಣ ಟಾರು ರಸ್ತೆಯ ಮೇಲೆಯೇ ಇರುತ್ತದೆ. ಹುರುಳಿ ಗಿಡವನ್ನು ಕಿತ್ತು ತಂದು ರಸ್ತೆಗೆ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹೋಗಿ ಹೋಗಿ ಒಕ್ಕಣೆ ತಾನೇ ಆಗುತ್ತದೆ. ರಾವಂದೂರಿನ ದಾರಿಯುದ್ದಕ್ಕೂ ಅವತ್ತು ಹುರುಳಿಯೇ ಹುರುಳಿ. ಸೊಸೆ ಮೆಲ್ಲಗೆ ಅದರ ಮೇಲೆ ಓಡಿಸಿದಳು. ಹೊಟ್ಟು ಎದ್ದು ಗಾಜಿಗೆ ಬಡಿಯುತ್ತಿತ್ತು. ನಾನು ಒಳಗೆ ಕೂತು ಹಾಯಾಗಿ ತಂಬಿಟ್ಟು ತಿನ್ನುತ್ತಿದ್ದೆ.

ತಂಗಿಯ ಮನೆ ಮುಂದೆ ಇಳಿದಾಗ ಅವಳು ಹೊಸಲ ಮೇಲೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಅಕ್ಕ, ನಿಮ್ ಕಾರು ಗಡ್ಡ ಬುಟ್ಟದಲ್ಲ ಕಣಕ್ಕ!"

ತಿರುಗಿ ನೋಡಿದೆ. ಎಣ್ಣೆ ಹಚ್ಚಿದ್ದ ಕಡೆಯೆಲ್ಲಾ ಹುರುಳಿ ಹೊಟ್ಟು, ಧೂಳು, ಕಡ್ಡಿ, ಒಂದೆರಡು ಪೂರಾ ಕಾಯಿ, ಎಲ್ಲಾ ಕಚ್ಚಿಕೊಂಡು ಕೂತಿದ್ದವು. ಮುಂದಿನ ಬಂಪರಿನಿಂದ ಎಳೆಎಳೆಯಾಗಿ ಸೊಪ್ಪು ನೇತಾಡುತ್ತಿತ್ತು. ಕನ್ನಡಿಗಳಿಗೆ ಕಿವಿಗೂದಲು ಬೆಳೆದಂತೆ ಇತ್ತು. ನಾನು ಒಂದು ಕಡ್ಡಿ ಕೀಳುವಷ್ಟರಲ್ಲಿ ತಂಗಿಯ ಮನೆ ಹಸು ಹಗ್ಗ ಜಗ್ಗಿಕೊಂಡು ಬಂದು ಕಾರಿನ ಮೂತಿಯನ್ನು ನೆಕ್ಕತೊಡಗಿತು. ನೆಕ್ಕಿದ್ದೂ ಎಷ್ಟು ಪ್ರೀತಿಯಿಂದ!

ಸೊಸೆ ಬೆರಳಿನಲ್ಲಿ ಬಂಪರನ್ನು ಮುಟ್ಟಿ, ಮೂಸಿ ನೋಡಿ, ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ನಕ್ಕಳು. ನಕ್ಕು ನಕ್ಕು ಅವಳಿಗೆ ಕಣ್ಣೀರು ಬಂತು. "ಇಬ್ಬನಿ ಬಾಳ ಜಿಡ್ಡಾಗದೆ ಈ ಸಲ, ಅಲ್ವಾ ಅತ್ತೆ?"

ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಕಾರನ್ನು ಮತ್ತೆ ಬೂದಿ ಮಾಡಿದ್ದಾಯಿತು. ಉಜ್ಜುವಾಗ ಸೊಸೆ, "ಇದು ಇಂಗೇ ಇರ್‍ಲಿ ಬುಡಿ ಅತ್ತೆ, ಇಂಗೇ ಚೆಂದ" ಅಂದಳು. ಹಾಗೆ ಅನ್ನುವಾಗ ಅವಳ ಮುಖದಲ್ಲಿ ಏನೋ ನೆಮ್ಮದಿ ಕಂಡಿತು. ಸೋಮಾರಿ ಅಂದುಕೊಂಡೆ. ತಂಗಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ಹುಣಸೂರಲ್ಲೇ ಬೈಪಾಸ್ ತಾವ ಒಬ್ರು ಸಾಬ್ರು ಶೆಡ್ ಮಡಿಕೊಂಡವ್ರೆ ಕಣಕ್ಕ. ನಮ್ ಜೀಪ್ನ ಅವ್ರೇ ರೆಡಿ ಮಾಡಿದ್ದು. ಅವ್ರ ತಾವ ಓಗು. ಅಡಿಗೆ ಮನೆ ಎಣ್ಣೆ ಸವಾಸ ಬುಡು" ಅಂದಳು.

ಸಮಯ ತಾನಾಗಿ ಒದಗಿತು. ಸೊಸೆಯ ಅಣ್ಣನ ಮನೆಯಲ್ಲಿ ಏನೋ ಶುಭಕಾರ್ಯವಿತ್ತು. ಎಚ್.ಡಿ. ಕೋಟೆಗೆ ಅವರ ಕಡೆಯವರೇ ವ್ಯಾನು ಮಾಡಿಕೊಂಡು ಹೊರಟಿದ್ದರಿಂದ ಅವಳು ಅವರ ಜೊತೆ ಹೋದಳು, ಕಾರು ಮನೆಯಲ್ಲೇ ಉಳಿಯಿತು. ಅವಳು ಅತ್ತ ಹೋಗುತ್ತಿದ್ದಂತೆ ನಾನು ಇತ್ತ ಆಟೋ ಹತ್ತಿ ಬೈಪಾಸಿಗೆ ಹೋದೆ.

ಸಾಬರು ನನ್ನ ಮಗನ ವಯಸ್ಸಿನವರು. ಹಳೇ ಗಾಡಿಗಳ ಟಿಂಕರಿಂಗು, ಪೇಂಟಿಂಗು ಮಾಡುತ್ತಾರೆ. ಮೊದಲು "ನಾಳೆ ಬತ್ತೀನಮ್ಮಾ" ಅಂದರು. "ನಾಳೆ ಸೊಸೆ ಬಂದ್ಬುಡ್ತಾಳೆ, ಇವತ್ತೇ ಆಗ್ಬೇಕು" ಅಂದೆ. ಕಳ್ಳ ಕೆಲಸ ಎಂದು ಅವರಿಗೆ ಅರ್ಥವಾಯಿತೇನೋ, ನಕ್ಕು ಸ್ಕೂಟರಿಗೆ ಪೆಟ್ಟಿಗೆ ಕಟ್ಟಿಕೊಂಡು ನನ್ನ ಆಟೋದ ಹಿಂದೆಯೇ ಬಂದರು.

ಕಾರಿನ ಸುತ್ತ ಒಂದು ಸುತ್ತು ಬಂದು ಉಗುರಿನಿಂದ ಬಂಪರು ಕೆರೆದರು. "ಪ್ಲಾಸ್ಟಿಕ್ ಸತ್ತಿಲ್ಲಮ್ಮಾ. ಮೇಲ್ಗಡೆ ಬಿಸ್ಲಿಗೆ ಒಣಗದೆ ಅಷ್ಟೆ. ಅಲ್ಲಾ, ಇಷ್ಟು ದೊಡ್ಡ ಹೊಂಗೆ ಮರ ಇಟ್ಕೊಂಡು ಗಾಡೀನ ಬಿಸ್ಲಲ್ಲಿ ಯಾಕಮ್ಮಾ ನಿಲ್ಲುಸ್ತೀರಿ?"

"ನಮ್ ಸೊಸೆ ನಿಲ್ಸದು. ಮರದಡಿ ಹಕ್ಕಿ ಹಿಕ್ಕೆ ಇಕ್ತವಂತೆ."

"ಹಿಕ್ಕೆ ತೊಳುದ್ರೆ ಓಯ್ತದಲ್ಲಮ್ಮಾ" ಎಂದು ಗೊಣಗಿ ಬ್ರಷ್ಷು ತೆಗೆದು ಸೋಪಿನ ನೀರಿನಲ್ಲಿ ಉಜ್ಜತೊಡಗಿದರು. ಸಂದಿಯಲ್ಲಿ ಉಳಿದಿದ್ದ ಜಿಡ್ಡು ಕೈಗೆ ಹತ್ತಿತು. ಮೂಸಿ ನೋಡಿದರು. "ಹರಳೆಣ್ಣೆ! ಯಾರಮ್ಮಾ ಹಾಕಿದ್ದು?"

"ಗೊತ್ತಿಲ್ಲಪ್ಪ. ಈಗಿನ್ ಕಾಲ್ದೋರು ಏನೇನ್ ಮಾಡ್ತಾರೋ."

ತೊಳೆದು, ಒರೆಸಿ, ಬಿಸಿಲಿಗೆ ಆರಲು ಬಿಟ್ಟರು. ನಾನು ಒಳಗೆ ಹೋಗಿ ಟೀ ಕಾಯಿಸಿಕೊಂಡು ಬರುವಷ್ಟರಲ್ಲಿ ಅವರು ಕಾರಿನ ಮುಂದೆ ಕೈ ಕಟ್ಟಿ ನಿಂತುಬಿಟ್ಟಿದ್ದರು.

"ಅಮ್ಮಾ, ಒಸಿ ಇಲ್ಲಿ ಬನ್ನಿ. ಇದೇನಿದು?"

ಬಗ್ಗಿ ನೋಡಿದೆ. ಟೀ ತಟ್ಟೆಗೆ ಚೆಲ್ಲಿತು. ಬೂದಿ ಬಣ್ಣದ ಬಂಪರಿನ ನಟ್ಟನಡುವೆ ಮೂರು ಅಡ್ಡಗೆರೆ. ಕಡುಗಪ್ಪು. ಯಾರೋ ಬೆರಳಿನಲ್ಲಿ ಎಳೆದ ಹಾಗೆ ಸ್ಪಷ್ಟವಾಗಿ ಮೂರು ಗೆರೆ.

ಬೆರಳು ಯಾರದೆಂದು ನನಗೆ ಗೊತ್ತಿತ್ತು. ನನ್ನದೇ. ಸೋಮವಾರ ಸೋಮವಾರ ನಾನು ಪೂಜೆ ಮುಗಿಸಿ, ಒದ್ದೆ ವಿಭೂತಿಯನ್ನು ಹೊಸಲಿಗೆ, ಬೀಸುವ ಕಲ್ಲಿಗೆ, ಆಮೇಲೆ ಕಾರಿನ ಮೂತಿಗೆ ಮೂರು ಬೆರಳಲ್ಲಿ ಎಳೆಯುತ್ತೇನೆ. ಮಳೆಗೆ ಮಸುಕಾದರೆ ಮುಂದಿನ ಸೋಮವಾರ ಅದೇ ಜಾಗಕ್ಕೆ ಮತ್ತೆ. ಕಾರು ಬಂದಾಗಿನಿಂದ ತಪ್ಪಿಸಿಲ್ಲ. ವಿಭೂತಿ ಕೂತಿದ್ದ ಕಡೆ ಬಿಸಿಲು ಬಿದ್ದಿಲ್ಲ. ಬಿಸಿಲು ಬೀಳದ ಕಡೆ ಪ್ಲಾಸ್ಟಿಕ್ಕು ಹೊಸದರಂತೆ ಕರ್ರಗೆ ಉಳಿದಿದೆ. ಪದರ ಪದರವಾಗಿ ಗಟ್ಟಿಯಾಗಿದ್ದ ವಿಭೂತಿ ರಾವಂದೂರಿನಲ್ಲಿ ನಾವು ಉಜ್ಜಿದಾಗ ಬಿಟ್ಟಿರಲಿಲ್ಲ, ಸಾಬರ ಬ್ರಷ್ಷಿಗೆ ಬಿಟ್ಟಿತ್ತು. ಬಿಳಿ ಗೆರೆ ಎಳೆದವಳಿಗೆ ಕರಿ ಗೆರೆ ಎದುರಾಗಿತ್ತು.

ಸಾಬರು ತಲೆ ಕೆರೆದುಕೊಂಡರು. "ನಂಗೆ ಒಂದ್ ನಿಮಿಷ ಭಯ ಆಗೋಯ್ತಮ್ಮಾ. ಈಗ ಏನ್ ಮಾಡ್ಲಿ? ನಿಮ್ ದೇವ್ರ ಗುರ್ತು. ಸುತ್ತ ಕಪ್ಪು ಮಾಡುದ್ರೆ ಇದು ಕಾಣ್ಸಲ್ಲ. ನೀವು ಬ್ಯಾಡ ಅಂದ್ರೆ ಅಷ್ಟು ಜಾಗ ಬುಟ್ಟು ಮಾಡ್ತೀನಿ."

ನಾನು ಗೆರೆಯ ಮೇಲೆ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತು. ಅಳಿಸಲು ಮನಸ್ಸು ಹಿಂಜರಿಯಿತು. ಆದರೆ ಉಳಿಸಿದರೆ ಮಗ ಕಾರು ಉಳಿಸುವುದಿಲ್ಲ.

"ಮಾಡಿ ಸಾಬ್ರೇ. ನಮ್ ಶಿವ ಸೋಮವಾರ ತಿರ್‍ಗಾ ಬತ್ತಾನೆ."

ಅವರು ಕೆಂಪು ಬಣ್ಣದ ಅಂಚಿಗೆಲ್ಲಾ ಕಾಗದದ ಟೇಪು ಅಂಟಿಸಿದರು. ಪೆಟ್ಟಿಗೆಯಿಂದ ಪಿಸ್ತೂಲಿನಂಥ ಒಂದು ಯಂತ್ರ ತೆಗೆದು, ನಮ್ಮ ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ, ಬಂಪರಿನ ಕಡೆ ಹಿಡಿದು ಗುಂಡಿ ಒತ್ತಿದರು. ಬುಸ್ ಎಂದು ಸದ್ದು. ಯಂತ್ರದ ಬಾಯೊಳಗೆ ಕೆಂಡದಂತೆ ಕೆಂಪಗೆ ಕಂಡಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಅಯ್ಯಯ್ಯೋ! ಬೆಂಕಿ ಇಕ್ಕುದ್ರಲ್ರಪ್ಪ ನಮ್ ಕಾರ್‍ಗೆ!" ಎಂದು ಕೂಗಿಕೊಂಡು, ತುಳಸಿಕಟ್ಟೆಯ ಹತ್ತಿರವಿದ್ದ ಬಿಂದಿಗೆಯನ್ನೇ ಎತ್ತಿಕೊಂಡು ಓಡಿದೆ. ಮಂಡಿ ಆ ಹೊತ್ತಿನಲ್ಲಿ ಮಡಿಸಿತೋ ಇಲ್ಲವೋ ನೆನಪಿಲ್ಲ.

"ನೀರ್ ಬ್ಯಾಡ! ನೀರ್ ಬ್ಯಾಡಮ್ಮಾ! ಕರೆಂಟು!" ಸಾಬರು ಎರಡೂ ಕೈ ಮೇಲೆತ್ತಿದರು. "ಇದು ಬೆಂಕಿ ಅಲ್ಲ, ಬಿಸಿಗಾಳಿ. ನಿಮ್ ಕಾರು ಉಳೀಬೇಕಾ, ನಾನು ಉಳೀಬೇಕಾ, ಎರಡೂ ಬ್ಯಾಡ್ವಾ ನಿಮ್ಗೆ?"

ಬಿಂದಿಗೆ ಕೆಳಗಿಟ್ಟೆ. ಅವರು ಮತ್ತೆ ಗಾಳಿ ಬಿಟ್ಟರು. ಆಗ ನಾನು ಕಂಡದ್ದನ್ನು ಹೇಗೆ ಬರೆಯಲಿ? ಗಾಳಿ ಹೋದ ದಾರಿಯಲ್ಲಿ ಬೂದಿ ಬಣ್ಣ ಕಣ್ಣೆದುರೇ ಕಪ್ಪಾಗುತ್ತಾ ಹೋಯಿತು. ಮೊದಲ ಮಳೆ ಬಿದ್ದಾಗ ಹೊಲದ ಮಣ್ಣು ಬಣ್ಣ ತಿರುಗುತ್ತದಲ್ಲ, ಹಾಗೆ. ಯಾರೂ ಏನೂ ಬಳಿಯುತ್ತಿಲ್ಲ. ಒಳಗೆ ಅಡಗಿದ್ದ ಕಪ್ಪು ತಾನಾಗಿ ಮೇಲೆ ಬರುತ್ತಿದೆ. ನನ್ನ ಮೂರು ಗೆರೆಗಳು ಆ ಕಪ್ಪಿನಲ್ಲಿ ಮೆಲ್ಲಗೆ ಬೆರೆತು ಕಾಣದಾದವು.

"ಒಂದೇ ಕಡೆ ಯಾಕೆ ಹಿಡಿಯಲ್ಲ?" ಅಂತ ಕೇಳಿದೆ.

"ಹಿಡುದ್ರೆ ಕರಗಿ ಸೊಟ್ಟಗಾಯ್ತದೆ. ಕೈ ಆಡ್ತಾನೇ ಇರ್‍ಬೇಕು."

"ಇದ್ನ ಎಲ್ಲಿ ಕಲ್ತ್ರಿ? ಮಕ್ಕಳೆಷ್ಟು ನಿಮ್ಗೆ? ಮೊದ್ಲ ಮಗ್ಳಿಗೆ ಮದ್ವೆ ಆಯ್ತಾ?"

ಅವರು ಉತ್ತರ ಹೇಳಲು ಮುಖ ತಿರುಗಿಸಿದರು. ಕೈ ನಿಂತಿತು. ನಂಬರ್ ಪ್ಲೇಟಿನ ಪಕ್ಕದಲ್ಲಿ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಒಂದು ಸುಕ್ಕು ಹೊಡೆಯಿತು. ಸಾಬರು ಹಣೆ ಚಚ್ಚಿಕೊಂಡರು. "ಅಮ್ಮಾ, ನೀವು ಒಳಗೋಗಿ ಅಡಿಗೆ ಮಾಡಿ. ಕೈ ಮುಗೀತೀನಿ." ಆ ಸುಕ್ಕು ಇವತ್ತಿಗೂ ಅಲ್ಲೇ ಇದೆ. ಅವರ ಮೊದಲ ಮಗಳಿಗೆ ಮದುವೆ ಆಗಿದೆ, ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದಾರೆ. ಅದನ್ನು ತಿಳಿದುಕೊಳ್ಳದೆ ನಾನು ಒಳಗೆ ಹೋಗಲಿಲ್ಲ.

ಕೊನೆಗೆ ಸ್ಪಂಜಿನಲ್ಲಿ ಯಾವುದೋ ಕರಿ ದ್ರವ ಹಚ್ಚಿ, ಒಣಗಿಸಿ, ಟೇಪು ಕಿತ್ತರು. ಸಂಜೆ ಬಿಸಿಲಿನಲ್ಲಿ ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಕೆಂಪಿಗೆ ಕಪ್ಪು ಅಂಚು! ಮೆಣಸಿನಕಾಯಿ, ಉಪ್ಪು ಹಿಡಿದು ದೃಷ್ಟಿ ತೆಗೆದೆ. ಘಾಟಿಗೆ ಸಾಬರು ಸೀನಿದರು, ನಾನೂ ಸೀನಿದೆ.

ಮಗ ಅಂಗಡಿ ಮುಚ್ಚಿ ಬಂದವನು ಬೈಕನ್ನು ಗೇಟಿನ ಆಚೆಯೇ ನಿಲ್ಲಿಸಿದ.

"ಯಾರ್ ಬಂದವ್ರವ್ವ? ಯಾರ್‍ದು ಕಾರು?"

"ನಿನ್ದೇ ಕಣ್ಲಾ. ಮಾರ್‍ತೀನಿ ಅಂತಿದ್ಯಲ್ಲ, ಅದು."

ಅವನು ಬಂಪರು ಸವರಿದ, ಕನ್ನಡಿ ಸವರಿದ, ಹಿಂದಕ್ಕೆ ಹೋಗಿ ನೋಡಿದ, ಮತ್ತೆ ಮುಂದಕ್ಕೆ ಬಂದ. "ಇಂಥ ಗಾಡಿನ ಯಾರಾದ್ರೂ ಮಾರ್‍ತಾರಾ? ಪಿರಿಯಾಪಟ್ಣದವ್ರಿಗೆ ಈಗ್ಲೇ ಫೋನ್ ಮಾಡಿ ಬರ್‍ಬ್ಯಾಡಿ ಅಂತೀನಿ!" ಅಂದ. ನಾನು ಗೆದ್ದೆ. ಎರಡು ಒಬ್ಬಟ್ಟು ಹೆಚ್ಚು ತಿಂದು ಮಲಗಿದೆ.

ಮರುದಿನ ಮಧ್ಯಾಹ್ನ ಸೊಸೆ ಬಂದಳು. ಹೊಂಗೆ ಮರದ ಆಚೆಗಿನ ಖಾಲಿ ಜಾಗ ನೋಡಿದಳು.

"ಕಾರೆಲ್ಲಿ ಅತ್ತೆ?"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಕತೆ ಹೇಳಿದೆ. ಸಾಬರು, ಗಾಳಿ, ಗೆರೆ, ಬಿಂದಿಗೆ, ಸಾಬರ ಮಗಳ ಮದುವೆ, ಸೀನು, ಎಲ್ಲಾ. "ನಿನ್ ಗಂಡ ಅದ್ರಲ್ಲೇ ಅಂಗಡಿಗೋದ ಕಣವ್ವ. ಎಷ್ಟು ಖುಷಿ ಅಂತೀಯ! ಸೀಟಿನ ಮ್ಯಾಲೆ ಹೊಸ ಟವಲ್ ಹಾಸ್ಕೊಂಡ!"

ಅವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ. ಅದೇ ಜಾರಿ ಬಿತ್ತು.

"ಅತ್ತೆ... ಏನ್ ಮಾಡ್ಬುಟ್ರಿ ಅತ್ತೆ?"

"ಉಳ್ಸಿದ್ನಲ್ಲ!"

"ಯಾರ್‍ಗೆ ಉಳ್ಸುದ್ರಿ? ಅವ್ರು ಅದ್ರಲ್ಲಿ ಕೂತ್ಕಳಕ್ಕೆ ನಾಚ್ಕಂಡಿದ್ರಿಂದ ಅಲ್ವಾ ಅದು ನಮ್ ಕೈಗೆ ಬಂದಿದ್ದು? ಹೊಂಗೆ ಮರ ಇದ್ರೂವೆ ಬಿಸ್ಲಲ್ಲಿ ಯಾಕ್ ನಿಲ್ಲುಸ್ತಿದ್ದೆ ಅಂದ್ಕಂಡ್ರಿ? ಬೇಕೂ ಅಂತ್ಲೇ. ಅದು ಎಷ್ಟು ಬೆಳ್ಳಗಾದ್ರೆ ಅಷ್ಟು ನಮ್ದು. ಕೊಂಡ್ಕಳರೂ ಬರಲ್ಲ, ಅವ್ರೂ ಕೇಳಲ್ಲ."

ನಾನು ಹಾಗೆಯೇ ಕಂಬಕ್ಕೆ ಒರಗಿದೆ. ಬಿಸಿಗಾಳಿಯ ಯಂತ್ರ, ಮೂರು ಗೆರೆ, ಯಾವುದೂ ನನಗೆ ಇಷ್ಟು ಆಘಾತ ಕೊಟ್ಟಿರಲಿಲ್ಲ. ಒಂದೇ ಸೂರಿನಡಿ, ಒಂದೇ ಕಾರಿನ ಪಕ್ಕಪಕ್ಕದ ಸೀಟಿನಲ್ಲಿ ಕೂತು ಓಡಾಡಿದ್ದೇವೆ. ಇವಳು ಇಷ್ಟು ದಿನ ಬಿಸಿಲನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು. ನಾನು ಅವಳನ್ನು ಸೋಮಾರಿ ಅಂದುಕೊಂಡಿದ್ದೆ!

"ನಂಗೊಂದು ಮಾತು ಏಳ್ಬಾರ್‍ದಿತ್ತಾ?"

"ನಿಮ್ಗೇಳುದ್ರೆ ಬೀದಿಗೇ ಏಳ್ದಂಗೆ. ಸಾಬ್ರ ಮಗ್ಳು ಎಲ್ಲಿಗೋಗವ್ಳೆ ಅಂತ ಈಗ ನಂಗೂ ಗೊತ್ತಾಗೋಯ್ತು."

ಕೆ.ಆರ್. ನಗರದ ಮದುವೆ ಮನೆಗೆ ಆ ವಾರ ಸೀರೆ ತಲುಪಿಸಬೇಕಿತ್ತು. ಕಾರು ಕೇಳಿದರೆ ಮಗ, "ಭಾನುವಾರ ನಾನೇ ಕರ್‍ಕಂಡು ಓಯ್ತೀನಿ ತಡ್ಕೊ" ಅಂದ. ಮದುವೆ ಶುಕ್ರವಾರ. ಸೊಸೆ ಬಸ್ಸಿನಲ್ಲಿ ನಿಂತುಕೊಂಡು ಹೋದಳು. ನೂಕಾಟದಲ್ಲಿ ಗಂಟು ಬಿಚ್ಚಿಕೊಂಡು ಒಂದು ಸೀರೆಯ ಕುಚ್ಚೆಲ್ಲಾ ಸಿಕ್ಕು ಬಿದ್ದು, ಮದುವೆ ಮನೆಯ ಜಗಲಿಯ ಮೇಲೆ ಕೂತು ಅವರ ಎದುರಿಗೇ ಬಿಡಿಸಬೇಕಾಯಿತಂತೆ. "ಮುಂದ್ಕೆ ಇಲ್ಲೇ ಯಾರ್‍ತಾವಾದ್ರೂ ಕಟ್ಟುಸ್ಕತೀವಿ" ಅಂದರಂತೆ ಆ ಮನೆಯವರು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಮೇಲಿತ್ತು.

ನಾನು ಮತ್ತೆ ಆಟೋ ಹತ್ತಿದೆ. "ಸಾಬ್ರೇ, ಅದ್ನ ಮೊದ್ಲಿನಂಗೇ ಬೂದಿ ಮಾಡ್ಕೊಡಿ."

ಸಾಬರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. "ಯಾ ಅಲ್ಲಾ! ಈ ಶೆಡ್ಡಲ್ಲಿ ಇಂಥ ಆರ್ಡರ್ ಯಾರೂ ಕೊಟ್ಟಿಲ್ಲಮ್ಮಾ. ಕರಿ ಮಾಡಕ್ಕೆ ನಾನು ಇದೀನಿ. ಬೂದಿ ಮಾಡಕ್ಕೆ ಬಿಸ್ಲೇ ಆಗ್ಬೇಕು. ಬ್ಯಾಸ್ಗೆಗಳು ಕಳೀಲಿ, ಕಾಯ್ತಾ ಇರಿ."

ಕಾಯುವ ವಯಸ್ಸು ನನ್ನದಲ್ಲ. ಮಾರನೆಯ ಬೆಳಿಗ್ಗೆ ಮಗ ಬಾಗಿಲ ಬೀಗ ತೆಗೆದು ಗಾಜು ಒರೆಸುತ್ತಿದ್ದಾಗ, ನಾನು ಮುಂದಿನ ಬಾಗಿಲು ತೆರೆದು ಬೆನ್ನು ತಿರುಗಿಸಿ ಕೂತೆ. ಮಡಿಲಲ್ಲಿ ಎಲೆಅಡಿಕೆ ಚೀಲ, ಕಾಲ ಬಳಿ ನೀರಿನ ಚೊಂಬು.

"ಎಲ್ಲಿಗವ್ವ?"

"ಕಾರು ಎಲ್ಲಿಗೋ ಅಲ್ಲಿಗೆ. ನೀನು ಓಡ್ಸ್ಲಾ."

ತಮಾಷೆ ಅಂದುಕೊಂಡ. ಅಂಗಡಿ ಮುಂದೆ ನಿಲ್ಲಿಸಿದ. ನಾನು ಇಳಿಯಲಿಲ್ಲ. ಗೊಬ್ಬರ ಕೊಳ್ಳಲು ಬಂದ ರೈತರನ್ನೆಲ್ಲಾ ಗಾಜು ಇಳಿಸಿ ಮಾತಾಡಿಸಿದೆ. ಹೋದ ವರ್ಷ ನಮ್ಮ ಬೀಜ ಮೊಳೆಯಿತೇ ಇಲ್ಲವೇ ಎಂದು ಜೋರಾಗಿ ವಿಚಾರಿಸಿದೆ. ಮಧ್ಯಾಹ್ನ ಅವನು ಗೆಳೆಯರನ್ನು ಹತ್ತಿಸಿಕೊಂಡು ಹನಗೋಡಿನ ಕಡೆ ಹೊರಟ. ಹೊಳೆ ದಂಡೆಯಲ್ಲಿ ಅವರದೇನೋ ಕೂಟವಂತೆ. ಹಿಂದಿನ ಸೀಟಿನಲ್ಲಿ ಕೂತವರು ನನ್ನನ್ನು ಕಂಡು ಶಾಲೆಯ ಮಕ್ಕಳಂತೆ ಕೈ ಕಟ್ಟಿಕೊಂಡರು. ಒಬ್ಬನ ಜೇಬಿನಿಂದ ಸಿಗರೇಟಿನ ಪೆಟ್ಟಿಗೆ ಇಣುಕುತ್ತಿತ್ತು. "ಅದೇನಪ್ಪ, ಮಾತ್ರೆಯಾ? ಎದೆ ನೋವಾ ನಿಂಗೆ?" ಎಂದು ಕೇಳಿದೆ. ಇನ್ನೊಬ್ಬನಿಗೆ ಯಾಕೆ ಇನ್ನೂ ಮದುವೆಯಾಗಿಲ್ಲ ಎಂದು ವಿಚಾರಿಸಿ, ನನಗೆ ಗೊತ್ತಿರುವ ಹೆಣ್ಣುಗಳ ವಿವರ ಕೊಡುತ್ತಾ ಹೋದೆ. ನಡುನಡುವೆ ಎಳನೀರಿಗೆ ನಿಲ್ಲಿಸಿದೆ, ಸೊಪ್ಪಿಗೆ ನಿಲ್ಲಿಸಿದೆ, ನನ್ನ ವಯಸ್ಸಿನವರು ನಿಲ್ಲಿಸುವ ಕಾರಣಗಳಿಗೂ ನಿಲ್ಲಿಸಿದೆ. ಹೊಳೆ ದಂಡೆಯಲ್ಲಿ ಅವರೆಲ್ಲಾ ಸುಮ್ಮನೆ ನೀರು ನೋಡಿಕೊಂಡು ಕೂತು ವಾಪಸ್ಸು ಬಂದರು.

ಮರುದಿನವೂ ಅವನಿಗಿಂತ ಮುಂಚೆಯೇ ಹೋಗಿ ಬಾಗಿಲ ಹತ್ತಿರ ನಿಂತಿದ್ದೆ. ಅದರ ಮಾರನೆಯ ದಿನವೂ. ಗೆಳೆಯರು ಅವನಿಗೆ ಫೋನು ಮಾಡುವುದನ್ನು ಕಡಿಮೆ ಮಾಡಿದರು.

ಕೊನೆಗೆ ಒಂದು ಸಂಜೆ ಅವನು ಒಳಗೆ ಬಂದು, ಬೀಗದ ಕೈಯನ್ನು ಸೊಸೆ ಕುಚ್ಚು ಕಟ್ಟುತ್ತಿದ್ದ ಸೀರೆಯ ಮೇಲೆ ಹಾಕಿದ. "ತಗೋ. ಈ ಕಾರೂ ನೀನೇ ಮಡಿಕೊ, ಅದ್ರೊಳ್ಗಿರೋ ನಿಮ್ಮತ್ತೇನೂ ನೀನೇ ಮಡಿಕೊ. ನಂಗೆ ನನ್ ಬೈಕೇ ವಾಸಿ."

ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಸೊಸೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದಳು. ನಾನು ಎದೆಯುಬ್ಬಿಸಿದೆ.

"ನೋಡ್ದಾ? 'ನಿಮ್ಗೇಳುದ್ರೆ ಬೀದಿಗೇ ಏಳ್ದಂಗೆ' ಅಂತಿದ್ಯಲ್ಲ, ಆ ಬಾಯೇ ಕಣವ್ವ ಇವತ್ತು ಕಾರು ವಾಪಸ್ ತಂದಿದ್ದು. ಅದೂ ಕರ್ರಗೆ, ಹೊಸದರಂಗೆ. ಈಗಾದ್ರೂ ನಿಮ್ಮತ್ತೆಗೆ ಒಂದು ಒಳ್ಳೆ ಮಾತು ಆಡು."

ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಅಂದಳು:

"ಇನ್ಮ್ಯಾಕೆ ಏನಾದ್ರೂ ಕಪ್ಪು ಮಾಡ್ಬೇಕು ಅನ್ಸುದ್ರೆ ನಿಮ್ ತಲೆಕೂದ್ಲು ಅದಲ್ಲ, ಅದ್ಕೆ ಮಾಡ್ಕಳಿ ಅತ್ತೆ. ಅದ್ನ ಯಾರೂ ಓಡುಸ್ಕಂಡು ಓಗಲ್ಲ."